ಹಕ್ಕಿ ಬಂದ ದಿನವೇ ಚಳಿಯೂ ಬಂತು

ಚಳಿಗೆ ಸಿಕ್ಕಿ ಸತ್ತ ಬೇಟೆಗಾರರ ವೃತ್ತಾಂತಗಳನ್ನು ಓದುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಎಷ್ಟೋ ಜನ ಮನೆಯಿಂದ ಹೊರಟಾಗ ಹೇಳಿಕೊಳ್ಳುವಂಥ ಚಳಿಯೇ ಇರಲಿಲ್ಲ. ಬೇಟೆ ಇಂದಿಗೂ ಕಾನೂನಿನ ಚೌಕಟ್ಟಿನೊಳಗೆ ನಡೆಯುವ ಉತ್ತರ ಅಮೆರಿಕದಲ್ಲಿ, ಉತ್ತರ ಯುರೋಪಿನಲ್ಲಿ, ವರ್ಷವರ್ಷವೂ ಚಳಿಗಾಲ ಹತ್ತಿರವಾದಾಗ ಒಂದು ಪ್ರಶ್ನೆ ಏಳುತ್ತದೆ: ಎಷ್ಟು ಚಳಿಯಾದರೆ ಹೋಗಬಾರದು? ಕೇಳುವವರಿಗೆ ಬೇಕಾಗಿರುವುದು ಒಂದು ಅಂಕಿ. ಮೈನಸ್ ಹತ್ತೋ, ಇಪ್ಪತ್ತೋ, ಮೂವತ್ತೋ. ಆ ಅಂಕಿ ಯಾರಿಗೂ ಯಾಕೆ ಸಿಕ್ಕಿಲ್ಲ ಎಂದು ತಿಳಿಯಬೇಕಾದರೆ ಮಿಸಿಸಿಪ್ಪಿ ನದಿಯ ಮೇಲೆ ಒಂದು ದಿನ ನಡೆದದ್ದನ್ನು ನೋಡಬೇಕು.

1940ರ ನವೆಂಬರ್ 11, ಸೋಮವಾರ. ಮೊದಲ ಮಹಾಯುದ್ಧ ಮುಗಿದ ನೆನಪಿಗೆ ಅಮೆರಿಕದಲ್ಲಿ ಆ ದಿನ ರಜೆ. ಮಿನೆಸೋಟಾ ಮತ್ತು ವಿಸ್ಕಾನ್ಸಿನ್ ರಾಜ್ಯಗಳ ನಡುವೆ ಗಡಿಯಾಗಿ ಹರಿಯುವ ನದಿಗೆ ವಿನೋನಾದಂಥ ದಡದ ಊರುಗಳಿಂದ ನೂರಾರು ಬಾತುಬೇಟೆಗಾರರು ದೋಣಿ ಇಳಿಸಿದ್ದರು. ಆ ವರ್ಷ ಹವೆ ಬೆಚ್ಚಗಿತ್ತು. ಉತ್ತರದಿಂದ ಇಳಿದು ಬರಬೇಕಾದ ಕಾಡುಬಾತುಗಳ ಹಿಂಡು ಇನ್ನೂ ಇಳಿದಿರಲಿಲ್ಲ. ಋತುವೇ ವ್ಯರ್ಥವಾಗಿ ಹೋಗುತ್ತಿದೆ ಎಂಬ ಕೊರಗು ಎಲ್ಲರಲ್ಲೂ ಇತ್ತು. ಆ ಬೆಳಗ್ಗೆ ಹಲವೆಡೆ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ನಮ್ಮ ಬೀದರ್, ವಿಜಯಪುರಗಳಲ್ಲಿ ಮಾಗಿಯ ಮುಂಜಾನೆ ಎಷ್ಟಿರುತ್ತದೋ ಅಷ್ಟು. ಜನ ತೆಳುವಾದ ಕೋಟು ಹಾಕಿಕೊಂಡು ಹೊರಟರು. ಹಗಲು ಏರಿದರೆ ಅದೂ ಭಾರವಾದೀತು ಎಂಬ ಅಂದಾಜು.

ಅವರು ಇಳಿದ ನದಿಯ ಬಗ್ಗೆಯೂ ಒಂದು ಮಾತು ಹೇಳಬೇಕು. 1930ರ ದಶಕದಲ್ಲಿ ಹಡಗು ಸಂಚಾರಕ್ಕೆ ಒಂಬತ್ತು ಅಡಿ ಆಳದ ಕಾಲುವೆ ಬೇಕೆಂದು ಮೇಲಿನ ಮಿಸಿಸಿಪ್ಪಿಯ ಉದ್ದಕ್ಕೂ ಕಟ್ಟೆಗಳನ್ನು ಕಟ್ಟಲಾಯಿತು. ಕಟ್ಟೆಗಳ ಹಿಂದೆ ನೀರು ಹರಡಿ, ಆಳ ಕಡಿಮೆ, ಅಗಲ ಹೆಚ್ಚು ಎನ್ನುವಂಥ ವಿಶಾಲ ಹಿನ್ನೀರುಗಳಾದವು. ನಡುವೆ ವಿಲ್ಲೋ ಪೊದೆಗಳ ಪುಟ್ಟ ನಡುಗಡ್ಡೆಗಳು. ಬಾತುಗಳಿಗೆ ಇದು ಸ್ವರ್ಗ, ಬೇಟೆಗಾರರಿಗೂ ಸ್ವರ್ಗ. ಆದರೆ ತಡೆಯಿಲ್ಲದ ಅಗಲ ನೀರಿನ ಮೇಲೆ ಗಾಳಿ ಬೀಸಿದರೆ ಅಲೆ ಎಷ್ಟು ಎತ್ತರ ಏಳುತ್ತದೆ ಎಂಬ ಅನುಭವ ಯಾರಿಗೂ ಹೆಚ್ಚಿರಲಿಲ್ಲ. ಆ ಹಿನ್ನೀರುಗಳಿಗೆ ಇನ್ನೂ ಹತ್ತು ವರ್ಷವೂ ತುಂಬಿರಲಿಲ್ಲ.

ಹೊತ್ತು ಏರುತ್ತಿದ್ದಂತೆ ಬಾತುಗಳು ಬಂದವು. ಒಂದೆರಡು ಹಿಂಡಲ್ಲ, ಬದುಕುಳಿದವರು ಮುಂದೆ ಜೀವಮಾನವಿಡೀ ಹೇಳಿಕೊಂಡಂಥ ರಾಶಿ. ಆಕಾಶ ತುಂಬಿ, ತಗ್ಗಾಗಿ ಹಾರಿ, ಬೇಟೆಗಾರರ ತಲೆಯ ಮೇಲೆಯೇ ನೀರಿಗಿಳಿಯುತ್ತಿದ್ದವು. ಕೋವಿಯ ಸದ್ದಿಗೂ ಹೆದರಿ ಏಳುತ್ತಿರಲಿಲ್ಲ. ಅದೇ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಮಳೆ ಶುರುವಾಯಿತು. ಮಳೆ ಆಲಿಕಲ್ಲಿನ ಹರಳಾಯಿತು, ಹರಳು ಹಿಮವಾಯಿತು. ಬಿರುಗಾಳಿಯ ವೇಗ ಗಂಟೆಗೆ 80 ಕಿಲೋಮೀಟರ್ ಮುಟ್ಟಿ, ಕೆಲವೆಡೆ ಅದನ್ನೂ ಮೀರಿತು. ಹಿನ್ನೀರಿನಲ್ಲಿ ಐದಡಿ ಎತ್ತರದ ಅಲೆಗಳೆದ್ದವು. ಬೇಟೆಯ ಚಪ್ಪಟೆ ದೋಣಿಗಳು ತಾಳುವ ಅಲೆಯಲ್ಲ ಅದು. ದಡ ಸೇರುತ್ತೇವೆಂದು ಹೊರಟವರಲ್ಲಿ ಕೆಲವರು ಮುಳುಗಿದರು. ನಡುಗಡ್ಡೆಗಳಲ್ಲಿ ಉಳಿದವರು ತೊಯ್ದ ಬಟ್ಟೆಯಲ್ಲೇ ರಾತ್ರಿ ಕಳೆಯಬೇಕಾಯಿತು. ಬೆಳಗಿನ ಹೊತ್ತಿಗೆ ಉಷ್ಣಾಂಶ ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿಳಿದಿತ್ತು.

ಕನ್ಸಾಸ್‌ನಿಂದ ಮಿಷಿಗನ್‌ವರೆಗೆ ಹಬ್ಬಿದ್ದ ಆ ಹಿಮಬಿರುಗಾಳಿಗೆ ಒಟ್ಟು ಸುಮಾರು 150 ಮಂದಿ ಬಲಿಯಾದರು. ಮಿಷಿಗನ್ ಸರೋವರದಲ್ಲಿ ಮೂರು ಸರಕು ಹಡಗುಗಳು ಹಾಳಾಗಿ ಹತ್ತಾರು ನಾವಿಕರು ಸತ್ತರು. ಮಿನೆಸೋಟಾದಲ್ಲಿ ಸತ್ತ 49 ಜನರಲ್ಲಿ ಸುಮಾರು ಅರ್ಧದಷ್ಟು ಬಾತುಬೇಟೆಗಾರರು. ಮರುದಿನ ವಿನೋನಾದ ವಿಮಾನ ಚಾಲಕ ಮ್ಯಾಕ್ಸ್ ಕಾನ್ರಾಡ್, ಗಾಳಿ ಇನ್ನೂ ಪೂರ್ತಿ ಅಡಗುವ ಮುನ್ನವೇ ತನ್ನ ಹಗುರ ವಿಮಾನವನ್ನು ಎಬ್ಬಿಸಿ ನದಿಯ ಮೇಲೆ ತಗ್ಗಾಗಿ ಹಾರುತ್ತ, ಜೀವಂತ ಉಳಿದವರನ್ನು ಹುಡುಕಿ, ಅವರಿಗೆ ಅಗತ್ಯ ಸಾಮಗ್ರಿಗಳನ್ನು ಕೆಳಗೆ ಹಾಕಿದ. ಬದುಕಿದವರು ಬದುಕಿದ್ದು ದೋಣಿ ಬೋರಲು ಹಾಕಿ ಅದರ ಮರೆಗೆ ಸೇರಿದ್ದರಿಂದ, ರಾತ್ರಿಯಿಡೀ ನಿಲ್ಲದೆ ಓಡಾಡಿದ್ದರಿಂದ, ನಿದ್ದೆಗೆ ಜಾರಿದ ಜೊತೆಗಾರನನ್ನು ಹೊಡೆದು ಎಬ್ಬಿಸಿದ್ದರಿಂದ.

ಹವಾಮಾನ ಇಲಾಖೆ ಎಚ್ಚರಿಸಲಿಲ್ಲವೇ? ಆಗ ಆ ಇಡೀ ಪ್ರದೇಶದ ಮುನ್ಸೂಚನೆ ಶಿಕಾಗೊ ಕಚೇರಿಯಿಂದ ಹೊರಡುತ್ತಿತ್ತು. ಚಳಿ ಬರುತ್ತದೆಂಬ ಸುಳಿವು ಇದ್ದರೂ ಬಿರುಗಾಳಿಯ ತೀವ್ರತೆಯನ್ನು ಯಾರೂ ಅಂದಾಜಿಸಿರಲಿಲ್ಲ. ಈ ದುರಂತದ ನಂತರ ಮುನ್ಸೂಚನೆಯ ಕೆಲಸ ಹಗಲುರಾತ್ರಿ ನಡೆಯುವಂತೆ, ಹೆಚ್ಚು ಕಚೇರಿಗಳಿಗೆ ಹಂಚಿಕೆಯಾಗುವಂತೆ ವ್ಯವಸ್ಥೆ ಬದಲಾಯಿತು. ಇಂದಿನ ಬೇಟೆಗಾರನ ಕೈಯಲ್ಲಿರುವ ಮೊಬೈಲು ಗಂಟೆಗಂಟೆಯ ಗಾಳಿಯನ್ನೂ ತೋರಿಸುತ್ತದೆ. ಆದರೆ ಅಂದು ನದಿಯ ಮೇಲೆ ನಡೆದದ್ದು ಬರೀ ಮುನ್ಸೂಚನೆಯ ವೈಫಲ್ಯವಲ್ಲ ಎಂದು ನನಗೆ ಅನ್ನಿಸುತ್ತದೆ. ಮಳೆ ಶುರುವಾದಾಗ, ಗಾಳಿ ತಿರುಗಿದಾಗ, ಮರಳಲು ಇನ್ನೂ ಸ್ವಲ್ಪ ಹೊತ್ತಿತ್ತು. ಮರಳಲಿಲ್ಲ, ಯಾಕೆಂದರೆ ವಾರಗಟ್ಟಲೆ ಕಾದಿದ್ದ ಹಕ್ಕಿ ಆ ಗಳಿಗೆಯಲ್ಲೇ ಬಂದಿತ್ತು. ಹಕ್ಕಿ ಯಾಕೆ ಬಂದಿತ್ತು? ಹಿಂದಿನಿಂದ ಬರುತ್ತಿದ್ದ ಅದೇ ಬಿರುಗಾಳಿಯಿಂದ ತಪ್ಪಿಸಿಕೊಳ್ಳಲು. ಉಳಿಯಬೇಕೆಂಬ ಆಸೆಯನ್ನೂ ಹೊರಡಬೇಕೆಂಬ ಎಚ್ಚರಿಕೆಯನ್ನೂ ಒಂದೇ ಗಾಳಿ ಹೊತ್ತು ತಂದಿತ್ತು. ಬಾತುಗಳು ಓಡಿಹೋಗುತ್ತಿದ್ದವು. ಕೆಳಗೆ ಕೂತವರು ಅದನ್ನು ಭಾಗ್ಯವೆಂದು ಓದಿಕೊಂಡರು.

ನೀರುಹಕ್ಕಿಗಳ ಚಳಿಯ ತೀರ್ಮಾನ ನಮ್ಮ ನಾಡಿಗೂ ಪರಿಚಿತವೇ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದ ಎತ್ತರದ ಬಯಲುಗಳಿಂದ ಹಿಮಾಲಯ ದಾಟಿ ಬರುತ್ತವೆ, ಮಾರ್ಚ್ ಹೊತ್ತಿಗೆ ಮರಳುತ್ತವೆ.  ಆ ಎತ್ತರದ ಬಯಲುಗಳಲ್ಲಿ ನೀರು ಹೆಪ್ಪುಗಟ್ಟಿ ಮೇವು ಸಿಗದಾಗುವುದಕ್ಕೆ ಮೊದಲು ಹೊರಡುತ್ತವೆ ಎಂಬುದೇ ಅವು ಬದುಕಿರುವ ಗುಟ್ಟು. ಚಳಿ ಮೈಗೆ ತಾಗುವವರೆಗೆ ಕಾದರೆ ಹಾರುವ ಶಕ್ತಿ ಉಳಿದಿರುವುದಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧ. ಅದು ಹಾಗೇ ಇರಬೇಕೆಂಬುದು ನನ್ನ ನಿಲುವು. ಅದಕ್ಕೆ ಮುಂಚೆ ಮಲೆನಾಡಿನ ಶಿಕಾರಿಯವರ ಲೆಕ್ಕಾಚಾರದಲ್ಲಿ ಮಳೆ ಇತ್ತು, ಜಿಗಣೆ ಇತ್ತು, ಬೆಳದಿಂಗಳಿತ್ತು. ಚಳಿ ಒಂದು ಕಂಬಳಿಯಲ್ಲಿ ಮುಗಿಯುವ ವಿಷಯವಾಗಿತ್ತು. ಹಾಗಾಗಿ ಚಳಿ ಮನುಷ್ಯನನ್ನು ಕೊಲ್ಲುವ ಬಗೆ ನಮಗೆ ಕೊಂಚ ಅಪರಿಚಿತ. ಅದನ್ನು ಬಿಡಿಸಿ ನೋಡಬೇಕು.

ಮೈ ಬಿಸಿ ಕಳೆದುಕೊಳ್ಳುವುದು ಗಾಳಿಗೆ, ನೀರಿಗೆ ಮತ್ತು ನಿಶ್ಚಲತೆಗೆ. ಮೊದಲು ಗಾಳಿಯ ಮಾತು. ಅಲುಗದ ಹವೆಯಲ್ಲಿ ಚರ್ಮಕ್ಕೆ ಅಂಟಿದಂತೆ ತೆಳುವಾದ ಬೆಚ್ಚನೆಯ ಗಾಳಿಪದರ ಇರುತ್ತದೆ. ಬೀಸುಗಾಳಿ ಅದನ್ನು ಒರೆಸಿಕೊಂಡು ಹೋಗುತ್ತದೆ, ಮೈ ಮತ್ತೆ ಹೊಸ ಪದರವನ್ನು ಬಿಸಿ ಮಾಡಬೇಕು. ಇದನ್ನು ಅಳೆಯಲು ಹೊರಟವನು ಪಾಲ್ ಸೈಪಲ್. 1928ರಲ್ಲಿ ಸ್ಕೌಟ್ ಹುಡುಗನಾಗಿ ರಿಚರ್ಡ್ ಬರ್ಡ್‌ನ ಅಂಟಾರ್ಕ್ಟಿಕ ಯಾತ್ರೆಗೆ ಆಯ್ಕೆಯಾಗಿ ಹೋದವನು, ಮುಂದೆ ಭೂಗೋಳಶಾಸ್ತ್ರಜ್ಞನಾದ. 1940ರ ಆಸುಪಾಸಿನಲ್ಲಿ ಅವನೂ ಚಾರ್ಲ್ಸ್ ಪ್ಯಾಸೆಲ್ ಎಂಬ ಜೊತೆಗಾರನೂ ಅಂಟಾರ್ಕ್ಟಿಕದ ಶಿಬಿರದಲ್ಲಿ, 250 ಗ್ರಾಂ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯನ್ನು ಮಾಡಿನ ಮೇಲೆ ತೂಗುಹಾಕಿ, ಯಾವ ಗಾಳಿಗೆ, ಯಾವ ಉಷ್ಣಾಂಶಕ್ಕೆ ನೀರು ಎಷ್ಟು ಹೊತ್ತಿನಲ್ಲಿ ಹೆಪ್ಪುಗಟ್ಟುತ್ತದೆ ಎಂದು ಬರೆದಿಟ್ಟುಕೊಂಡರು. ‘ವಿಂಡ್ ಚಿಲ್’ ಎಂಬ ಲೆಕ್ಕ ಹುಟ್ಟಿದ್ದು ಹೀಗೆ. 

ಆದರೆ ಡಬ್ಬಿಗೆ ರಕ್ತ ಹರಿಯುವುದಿಲ್ಲ. ಸೈಪಲ್‌ನ ಲೆಕ್ಕ ಚಳಿಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತಿತ್ತು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ ಅದನ್ನು ತಿದ್ದಿದವು. ಟೊರಾಂಟೊದಲ್ಲಿ ಹನ್ನೆರಡು ಮಂದಿ ಸ್ವಯಂಸೇವಕರು ಮುಖಕ್ಕೆ ಉಷ್ಣಮಾಪಕಗಳನ್ನು ಅಂಟಿಸಿಕೊಂಡು ತಣ್ಣನೆಯ ಗಾಳಿ ಸುರಂಗದಲ್ಲಿ ನಡೆದರು. ಆ ಸೂತ್ರವೇ ಈಗ ಚಾಲ್ತಿಯಲ್ಲಿದೆ. ಅದರ ಪ್ರಕಾರ ಉಷ್ಣಾಂಶ ಮೈನಸ್ 20 ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮುಖಕ್ಕೆ ಅದು ಮೈನಸ್ 33. ಅಲ್ಲಿ ಬಯಲಿಗೊಡ್ಡಿದ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಸೂಚ್ಯಂಕ ಮೈನಸ್ 40 ದಾಟಿದರೆ ಐದರಿಂದ ಹತ್ತು ನಿಮಿಷ, ಮೈನಸ್ 55 ದಾಟಿದರೆ ಎರಡೇ ನಿಮಿಷ. ಮಿನಿಯಾಪೊಲಿಸ್‌ನಲ್ಲೋ ಟೊರಾಂಟೊದಲ್ಲೋ ನೆಲೆಸಿರುವ ಕನ್ನಡಿಗರಿಗೆ ಈ ಅಂಕಿಗಳು ಹೊಸತಲ್ಲ. ಮಕ್ಕಳನ್ನು ಶಾಲೆಯ ಬಸ್ಸಿಗೆ ಕಳಿಸುವ ಬೆಳಗ್ಗೆ ಅವರೂ ಇದನ್ನೇ ನೋಡಿ ಟೊಪ್ಪಿಗೆ, ಕೈಗವಸು ತೊಡಿಸುತ್ತಾರೆ.

ಬೇಟೆಗೆ ಹೊರಟವನಿಗೆ ಈ ಅಂಕಿ ಬೇಕು, ಆದರೆ ಸಾಲದು. ಅದು ಮುಖದ ಲೆಕ್ಕ, ನಡೆಯುತ್ತಿರುವವನ ಲೆಕ್ಕ, ಒಣಗಿದ ಚರ್ಮದ ಲೆಕ್ಕ. ಬೇಟೆಗಾರನಾದರೋ ಗಂಟೆಗಟ್ಟಲೆ ಅಲುಗದೆ ಕೂರುವವನು. ಜಿಂಕೆ ಬೇಟೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮಿನೆಸೋಟಾ, ವಿಸ್ಕಾನ್ಸಿನ್‌ಗಳಲ್ಲಿ ಕೋವಿಯಿಂದ ಬಿಳಿಬಾಲದ ಜಿಂಕೆ ಹೊಡೆಯುವ ಋತು ನವೆಂಬರ್ ತಿಂಗಳದು. ಬೆಳಕು ಹರಿಯುವ ಮುನ್ನ ಹಿಮದಲ್ಲಿ ಒಂದೆರಡು ಮೈಲಿ ನಡೆದು ಮರದ ಅಟ್ಟಣೆ ಏರಬೇಕು. ನಡೆಯುವಾಗ ಮೈ ತಯಾರಿಸುವ ಶಾಖ ಸುಮ್ಮನೆ ಕೂತಾಗಿನದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು. ಚಳಿಗೆ ಹೆದರಿ ಎಲ್ಲ ಬಟ್ಟೆಯನ್ನೂ ಹೇರಿಕೊಂಡು ನಡೆದವನು ಬೆವರುತ್ತಾನೆ. ಆ ಬೆವರು ಒಳಬಟ್ಟೆಗೆ ಇಳಿಯುತ್ತದೆ. ಅಟ್ಟಣೆ ಏರಿ ಕೂತ ಅರ್ಧ ಗಂಟೆಯಲ್ಲಿ ಅದೇ ಬಟ್ಟೆ ಅವನ ಶಾಖವನ್ನು ಹೊರಗೆಳೆಯತೊಡಗುತ್ತದೆ. ಹತ್ತಿ ಬಟ್ಟೆಯಾದರಂತೂ ಮುಗಿಯಿತು, ಒದ್ದೆಯಾದ ಹತ್ತಿ ಬೆಚ್ಚಗಿಡುವುದಿಲ್ಲ. ಉಣ್ಣೆ ಒದ್ದೆಯಾದರೂ ಕೊಂಚ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಅನುಭವಸ್ಥರು ನಡೆಯುವಾಗ ಚಳಿಯಾಗುವಷ್ಟು ತೆಳು ಬಟ್ಟೆಯಲ್ಲಿ ನಡೆದು, ದಪ್ಪ ಕೋಟನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ, ಮರದ ಬುಡದಲ್ಲಿ ನಿಂತು ಮೈ ಆರಿದ ಮೇಲೆ ಹಾಕಿಕೊಳ್ಳುತ್ತಾರೆ.

ನೀರಿನ ವಿಷಯ ಇನ್ನೂ ಕಠಿಣ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಹೀರುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿಗೆ ಬಿದ್ದವರ ಕುರಿತು ದಶಕಗಳ ಕಾಲ ಪ್ರಯೋಗ ನಡೆಸಿದ ವಿಜ್ಞಾನಿ. ಆತ ತಾನೇ ಹಿಮನೀರಿಗೆ ಇಳಿದು ತೋರಿಸಿದವನು. ಆತನ ಲೆಕ್ಕ ನೆನಪಿಡಲು ಸುಲಭ: ಏದುಸಿರನ್ನು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ, ಕೈಕಾಲು ಉಪಯೋಗಕ್ಕೆ ಬರುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಮುನ್ನ ಒಂದು ಗಂಟೆ. ಅಂದರೆ ನೀರಿಗೆ ಬಿದ್ದವರಲ್ಲಿ ಅನೇಕರು ಸಾಯುವುದು ಮೈ ತಣ್ಣಗಾಗಿ ಅಲ್ಲ. ಅದಕ್ಕೆ ಬಹಳ ಮೊದಲೇ ಉಸಿರು ತಪ್ಪಿ, ಕೈ ಸೋತು ಮುಳುಗುತ್ತಾರೆ. ತೇಲುವ ಅಂಗಿ ತೊಟ್ಟವನಿಗೆ ಆ ಒಂದು ಗಂಟೆ ಸಿಗುತ್ತದೆ, ತೊಡದವನಿಗೆ ಸಿಗುವುದಿಲ್ಲ. ದೋಣಿಯಿಂದ ಬಾತು ಹೊಡೆಯುವವನು ತನ್ನ ಚಳಿಯ ಮಿತಿಯನ್ನು ಗಾಳಿಯ ಉಷ್ಣಾಂಶದಲ್ಲಿ ಹುಡುಕಿದರೆ ತಪ್ಪು ಜಾಗದಲ್ಲಿ ಹುಡುಕಿದ ಹಾಗೆ. ಅವನು ನೋಡಬೇಕಾದದ್ದು ಅಲೆಯನ್ನು.

ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದು ಹೋಗುವವರಿಗೆ ಮಿನೆಸೋಟಾದ ನೈಸರ್ಗಿಕ ಸಂಪನ್ಮೂಲ ಇಲಾಖೆ ಕನಿಷ್ಠ ನಾಲ್ಕು ಇಂಚು ದಪ್ಪದ ಗಟ್ಟಿ ಮಂಜುಗಡ್ಡೆ ಇರಲೇಬೇಕು ಎನ್ನುತ್ತದೆ. ಇಲ್ಲೊಂದು ಮೋಸವಿದೆ. ಚಳಿ ಜೋರಾಗಿದೆ, ಆದ್ದರಿಂದ ಮಂಜುಗಡ್ಡೆ ದಪ್ಪಗಿದೆ ಎಂದು ಮನಸ್ಸು ಹೇಳುತ್ತದೆ. ಮೇಲೆ ಹಿಮ ಬಿದ್ದಿದ್ದರೆ ಆ ಹಿಮವೇ ಹೊದಿಕೆಯಾಗಿ ಕೆಳಗಿನ ನೀರನ್ನು ಚಳಿಯಿಂದ ಕಾಯುತ್ತದೆ, ಗಡ್ಡೆ ತೆಳುವಾಗಿಯೇ ಉಳಿಯುತ್ತದೆ. ಕೊರೆದು ನೋಡದೆ ಕಾಲಿಡಬಾರದು.

ಹಾಗಾದರೆ ಅಂಕಿಗೆ ಅರ್ಥವೇ ಇಲ್ಲವೇ ಎಂದರೆ, ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯೂಕಾನ್ ಸೀಮೆಯಲ್ಲಿ ಚಿನ್ನ ಹುಡುಕುತ್ತ, ತುಪ್ಪಳಕ್ಕೆ ಬಲೆಯೊಡ್ಡುತ್ತ ಇದ್ದವರ ಬಳಿ ಒಳ್ಳೆಯ ಉಷ್ಣಮಾಪಕಗಳು ಇರಲಿಲ್ಲ. ಜ್ಯಾಕ್ ಮೆಕ್‌ಕ್ವೆಸ್ಟನ್ ಎಂಬ ವ್ಯಾಪಾರಿ ತನ್ನ ಅಂಗಡಿಯ ಹೊರಗೆ ಶೀಶೆಗಳ ಸಾಲೊಂದನ್ನು ಇಟ್ಟಿದ್ದ. ಒಂದರಲ್ಲಿ ಪಾದರಸ, ಉಳಿದವುಗಳಲ್ಲಿ ಸೀಮೆಎಣ್ಣೆಯಂಥ ದ್ರವಗಳು, ಕೊನೆಗೆ ಆ ಕಾಲದ ಜನಪ್ರಿಯ ನೋವಿನ ಔಷಧಿ ‘ಪೆರಿ ಡೇವಿಸ್ ಪೇನ್‌ಕಿಲ್ಲರ್’. ಪಾದರಸ ಗಟ್ಟಿಯಾಗುವುದು ಸುಮಾರು ಮೈನಸ್ 39ಕ್ಕೆ. ಪಾದರಸ ಗಟ್ಟಿಯಾದ ದಿನ ಜನ ಇನ್ನೂ ಹೊರಡುತ್ತಿದ್ದರು. ಒಂದೊಂದೇ ಶೀಶೆ ಹೆಪ್ಪುಗಟ್ಟಿದಂತೆ ಹಿಂಜರಿಕೆ ಹೆಚ್ಚುತ್ತಿತ್ತು. ಔಷಧಿಯ ಶೀಶೆ ಹೆಪ್ಪುಗಟ್ಟಿದ ದಿನ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಈ ಏರ್ಪಾಡಿನಲ್ಲಿ ನನಗೆ ಹಿಡಿಸುವುದು ಅದು ಎಲ್ಲರ ಕಣ್ಣೆದುರಿಗೆ ಇತ್ತು ಎಂಬುದು. ಊರಿನ ಜನ ಸೇರಿ ಒಪ್ಪಿದ ಮಿತಿ ಅದು. ಒಬ್ಬನ ಧೈರ್ಯ, ಅಹಂಕಾರ, ಹಸಿವು ಆ ಶೀಶೆಯನ್ನು ಕರಗಿಸಲಾರವು.

ಇನ್ನು ಇನ್ಯುಯಿಟ್ ಜನ. ಕೆನಡಾದ ಉತ್ತರ ತುದಿಯಲ್ಲಿ ಸಮುದ್ರ ಹೆಪ್ಪುಗಟ್ಟಿದ ಮೇಲೆ ಸೀಲ್ ಪ್ರಾಣಿಗಳು ಉಸಿರಾಟಕ್ಕೆಂದು ಮಂಜುಗಡ್ಡೆಯಲ್ಲಿ ತೂತುಗಳನ್ನು ಕೊರೆದು ಇಟ್ಟುಕೊಳ್ಳುತ್ತವೆ. ಅಂಥ ತೂತಿನ ಪಕ್ಕದಲ್ಲಿ ಬೇಟೆಗಾರ ಗಂಟೆಗಟ್ಟಲೆ ಬಗ್ಗಿ ನಿಲ್ಲುತ್ತಿದ್ದ, ಹಿಮ ಕಿರುಗುಟ್ಟಿದರೆ ಸೀಲ್ ಬರುವುದಿಲ್ಲವೆಂದು ಕಾಲನ್ನೂ ಅಲ್ಲಾಡಿಸದೆ. ಉಷ್ಣಾಂಶ ಮೈನಸ್ ಮೂವತ್ತು, ನಲವತ್ತು. ಅವರನ್ನು ಕಾಯ್ದದ್ದು ಕ್ಯಾರಿಬೂ ಜಿಂಕೆಯ ತೊಗಲಿನ ಎರಡು ಪದರದ ಉಡುಪು. ಒಳಗಿನದರ ಕೂದಲು ಮೈಕಡೆಗೆ, ಹೊರಗಿನದರ ಕೂದಲು ಹೊರಕ್ಕೆ. ಒಂದೊಂದು ಕೂದಲೊಳಗೂ ಗಾಳಿ ತುಂಬಿರುತ್ತದೆ. ಟೊಪ್ಪಿಗೆಯ ಅಂಚಿಗೆ ವುಲ್ವರೀನ್ ಪ್ರಾಣಿಯ ತುಪ್ಪಳ, ಏಕೆಂದರೆ ಉಸಿರಿನ ಹಬೆ ಅದರ ಮೇಲೆ ಮಂಜಾಗಿ ಕೂತರೂ ಕೈಯಿಂದ ಒರೆಸಿದರೆ ಉದುರುತ್ತದೆ. ಆ ಉಡುಪನ್ನು ಹೊಲಿದ ಹೆಂಗಸರ ಸೂಜಿಯ ಕೆಲಸವಿಲ್ಲದೆ ಆ ಬೇಟೆಯೇ ಇರುತ್ತಿರಲಿಲ್ಲ. ಒಂದು ಹೊಲಿಗೆ ಬಿಚ್ಚಿದ್ದರೆ ಆ ದಿನ ಹೊರಡುವ ಹಾಗಿರಲಿಲ್ಲ. ಮಿತಿ ಅಲ್ಲಿ ಉಷ್ಣಮಾಪಕದಲ್ಲಿರಲಿಲ್ಲ, ಉಡುಪಿನಲ್ಲಿತ್ತು, ಗಾಳಿಯ ದಿಕ್ಕಿನಲ್ಲಿತ್ತು, ಮಂಜುಗಡ್ಡೆಯ ಬಿರುಕಿನಲ್ಲಿತ್ತು.

ಇಂದು ಅಲ್ಲಿಯೂ ನಾಯಿಬಂಡಿಯ ಜಾಗಕ್ಕೆ ಹೆಚ್ಚಾಗಿ ಸ್ನೋಮೊಬೈಲ್ ಬಂದಿದೆ. ಅದರೊಂದಿಗೆ ಹೊಸ ಅಪಾಯವೂ ಬಂದಿದೆ. ಅಲುಗದ ಹವೆಯ ಮೈನಸ್ 30ರಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಸವಾರ ತನ್ನ ಮುಖಕ್ಕೆ ತಾನೇ ಮೈನಸ್ 48ರ ಚಳಿಯನ್ನು ಬೀಸಿಕೊಳ್ಳುತ್ತಾನೆ. ಮೇಲಾಗಿ ಯಂತ್ರ ಒಂದು ಗಂಟೆಯಲ್ಲಿ ಅಷ್ಟು ದೂರ ಒಯ್ದುಬಿಡುತ್ತದೆ. ಅದು ಕೆಟ್ಟು ನಿಂತರೆ ಅಲ್ಲಿಂದ ನಡೆದು ಮರಳಲು ಇಡೀ ದಿನ ಸಾಲದು. ನಾಯಿಗಳು ಕೆಟ್ಟು ನಿಲ್ಲುತ್ತಿರಲಿಲ್ಲ, ಹಿಮಗಾಳಿಯಲ್ಲೂ ಮನೆಯ ದಾರಿ ಹಿಡಿಯುತ್ತಿದ್ದವು.

ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ. ಹೊರಡುವ ಗಳಿಗೆಯ ಚಳಿಯನ್ನು ಅಳೆದು ಏನೂ ತಿಳಿಯುವುದಿಲ್ಲ. ಮರಳಿ ಬರುವವರೆಗಿನ ಅತಿ ಕೆಟ್ಟ ಗಂಟೆ ಯಾವುದು, ಆ ಗಂಟೆಯಲ್ಲಿ ನಾನು ಒದ್ದೆಯಾಗಿ, ಒಬ್ಬಂಟಿಯಾಗಿ, ಕಾಲುಳುಕಿ ಕೂತಿದ್ದರೆ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು. ಇದನ್ನು ಕೇಳಬೇಕಾದದ್ದು ಮನೆಯಲ್ಲಿ, ತಲೆ ಬೆಚ್ಚಗಿರುವಾಗಲೇ. ಯಾಕೆಂದರೆ ಚಳಿ ಮೊದಲು ಕದಿಯುವ ವಸ್ತುಗಳಲ್ಲಿ ವಿವೇಚನೆಯೂ ಒಂದು. ಮೈಯೊಳಗಿನ ಉಷ್ಣಾಂಶ 37ರಿಂದ 35ಕ್ಕೆ ಇಳಿಯುವಷ್ಟರಲ್ಲಿ ನಡುಕ ಜೋರಾಗಿರುತ್ತದೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಗುಂಡಿ ಹಾಕಲು ಬಾರದು, ಸಿಡುಕು ಹೆಚ್ಚುತ್ತದೆ. ಮತ್ತೂ ಇಳಿದರೆ ನಡುಕವೇ ನಿಂತು, ಚಳಿ ಹೋಯಿತು ಎಂಬ ಭ್ರಮೆ ಬರುತ್ತದೆ. ಸಾಕು ಹೋಗೋಣ ಎಂದು ಹೇಳಬೇಕಾದ ಮನಸ್ಸೇ ಆಗ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಜೊತೆಗಾರ ಬೇಕಾಗುವುದು ಇದಕ್ಕೆ. ಗೆಳೆಯ ತೊದಲುವುದನ್ನು ಕೇಳಿಸಿಕೊಳ್ಳಲು, ಮತ್ತು ಅವನು ಎಷ್ಟೇ ಪ್ರತಿಭಟಿಸಿದರೂ ಎಳೆದುಕೊಂಡು ಬರಲು. ಒಬ್ಬ ಬೇಡವೆಂದರೆ ಇಡೀ ಗುಂಪು ಮರಳಬೇಕು, ಆ ಬಗ್ಗೆ ಚರ್ಚೆ ಕೂಡದು ಎಂಬ ಒಪ್ಪಂದ ಹೊರಡುವ ಮುನ್ನವೇ ಆಗಿರಬೇಕು. ಹಕ್ಕಿ ಕಣ್ಣೆದುರು ಇಳಿಯುವಾಗ ಅಂಥ ಒಪ್ಪಂದ ಮಾಡಿಕೊಳ್ಳಲು ಯಾರಿಂದಲೂ ಆಗದು.

ಇನ್ನೊಂದು ಮಿತಿ ಬೆರಳಿನದು. ಇದು ಬೇಟೆಗಾರನ ಜೀವಕ್ಕಿಂತ ಪ್ರಾಣಿಯ ಜೀವಕ್ಕೆ ಹೆಚ್ಚು ಸಂಬಂಧಿಸಿದ್ದು. ಬೆರಳಿನ ಚರ್ಮ ಸುಮಾರು 15 ಡಿಗ್ರಿಗೆ ಇಳಿದರೆ ಚುರುಕು ಹೋಗುತ್ತದೆ, ಸುಮಾರು 8 ಡಿಗ್ರಿಗೆ ಸ್ಪರ್ಶವೇ ಹೋಗುತ್ತದೆ. ಮರಗಟ್ಟಿದ ಬೆರಳಿಗೆ ಕೋವಿಯ ಕುದುರೆಯ ಒತ್ತಡ ತಿಳಿಯುವುದಿಲ್ಲ. ಕೋವಿಯ ಕುದುರೆ ಎಳೆಯುವ ಗಳಿಗೆಯಲ್ಲಿ ಮೈ ನಡುಗುತ್ತಿದ್ದರೆ ಗುಂಡು ತಾಗಬೇಕಾದಲ್ಲಿ ತಾಗದೆ, ಪ್ರಾಣಿ ಗಾಯಗೊಂಡು ಪೊದೆ ಸೇರುತ್ತದೆ. ಆ ರಕ್ತದ ಜಾಡು ಹಿಡಿದು ಹೋಗುವುದು ಬೇಟೆಗಾರನ ಕರ್ತವ್ಯ. ಅದಕ್ಕೆ ಬೆಳಕು ಬೇಕು, ಕಾಲು ಬೇಕು, ಇನ್ನೆರಡು ಗಂಟೆ ಚಳಿಯಲ್ಲಿ ಇರುವ ತಾಕತ್ತು ಬೇಕು. ಸಿಕ್ಕ ಮೇಲೆ ಹೊಟ್ಟೆ ಸೀಳಿ ಕರುಳು ತೆಗೆಯಬೇಕು, ಅದು ಕೈ ಒದ್ದೆಯಾಗುವ ಕೆಲಸ. ಆಮೇಲೆ ಹಿಮದಲ್ಲಿ ಎಳೆದು ತರಬೇಕು, ಅದು ಬೆವರುವ ಕೆಲಸ. ಚಳಿಯ ಲೆಕ್ಕ ಹಾಕುವವರು ಗುಂಡು ಹಾರುವವರೆಗೆ ಲೆಕ್ಕ ಹಾಕಿ ನಿಲ್ಲಿಸಿಬಿಡುತ್ತಾರೆ. ದಿನದ ಕಷ್ಟದ ಅರ್ಧ ಶುರುವಾಗುವುದೇ ಅಲ್ಲಿಂದ. ಕಾಡಿನಲ್ಲಿ ಅಷ್ಟನ್ನೂ ಮಾಡಿ ಮುಗಿಸುವ ಶಕ್ತಿ ಉಳಿಯದಷ್ಟು ಚಳಿಯಿದ್ದರೆ ಗುಂಡು ಹಾರಿಸುವ ಹಕ್ಕು ಅವನಿಗಿಲ್ಲ ಎಂದೇ ನಾನು ಭಾವಿಸುತ್ತೇನೆ.

ಚಳಿ ತಡೆಯಲು ಮಾಡುವ ಉಪಾಯಗಳಲ್ಲೂ ಕೆಲವು ಕೊಲ್ಲುತ್ತವೆ. ಮುಚ್ಚಿದ ಹೊಂಚುಗೂಡಿನಲ್ಲಿ ಗ್ಯಾಸ್ ಹೀಟರ್ ಉರಿಸಿಕೊಂಡು ಕೂತರೆ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ನಿದ್ದೆಯಲ್ಲೇ ಜೀವ ಹೋಗಬಹುದು. ಮದ್ಯ ಕುಡಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ಬಿಸಿಯೆನ್ನಿಸುತ್ತದೆ, ಒಳಗಿನ ಶಾಖ ಅದೇ ದಾರಿಯಲ್ಲಿ ಹೊರಹೋಗುತ್ತದೆ. ಕೋವಿಗೂ ಚಳಿ ಹಿಡಿಯುತ್ತದೆ. ಒಳಗೆ ಹಚ್ಚಿದ ಎಣ್ಣೆ ಗಟ್ಟಿಯಾಗಿ ಸಿಡಿಸುವ ಮೊಳೆ ನಿಧಾನವಾಗುತ್ತದೆ, ಗುಂಡು ಹಾರುವುದೇ ಇಲ್ಲ. ಮೊಬೈಲಿನ ಬ್ಯಾಟರಿ ಚಳಿಗೆ ಬೇಗ ಸೋಲುವುದರಿಂದ ಅದನ್ನು ಮೈಗೆ ಅಂಟಿದ ಜೇಬಿನಲ್ಲೇ ಇಟ್ಟುಕೊಳ್ಳಬೇಕು.

ಇಷ್ಟು ಹೊತ್ತು ಮನುಷ್ಯನ ಚಳಿಯ ಮಾತಾಯಿತು. ಬೇಟೆಗೆ ಗುರಿಯಾಗುವ ಜೀವಕ್ಕೆ ಎಷ್ಟು ಚಳಿಯಾದರೆ ಬೇಟೆ ನಿಲ್ಲಿಸಬೇಕು ಎಂಬ ಪ್ರಶ್ನೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜಿಂಕೆ ಶರತ್ಕಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡು, ಚಳಿಗಾಲದಲ್ಲಿ ಓಡಾಟ ತಗ್ಗಿಸಿ, ಸೂಚಿಪರ್ಣಿ ಮರಗಳ ದಟ್ಟ ನೆರಳಲ್ಲಿ ಗಾಳಿಗೆ ಮರೆಯಾಗಿ ದಿನ ನೂಕುತ್ತದೆ. ಮಿನೆಸೋಟಾದವರು ಇದಕ್ಕೊಂದು ಲೆಕ್ಕ ಇಟ್ಟಿದ್ದಾರೆ. ನವೆಂಬರ್‌ನಿಂದ ಮೇ ತಿಂಗಳವರೆಗೆ, ಉಷ್ಣಾಂಶ ಮೈನಸ್ 18 ಡಿಗ್ರಿಗೋ ಅದಕ್ಕಿಂತ ಕೆಳಕ್ಕೋ ಇಳಿದ ಪ್ರತಿ ದಿನಕ್ಕೆ ಒಂದು ಅಂಕ, ನೆಲದ ಮೇಲೆ 38 ಸೆಂಟಿಮೀಟರ್‌ಗೆ ಕಡಿಮೆಯಿಲ್ಲದ ಹಿಮ ಇದ್ದ ಪ್ರತಿ ದಿನಕ್ಕೆ ಇನ್ನೊಂದು ಅಂಕ. ಒಟ್ಟು ನೂರರೊಳಗಿದ್ದರೆ ಸೌಮ್ಯ ಚಳಿಗಾಲ, 180 ದಾಟಿದರೆ ಕ್ರೂರ ಚಳಿಗಾಲ. ಅಂಥ ಚಳಿಗಾಲದ ನಂತರ ಎಷ್ಟು ಜಿಂಕೆಗಳು ಉಳಿದಿರಬಹುದು, ಮುಂದಿನ ಋತುವಿಗೆ ಎಷ್ಟು ಪರವಾನಗಿ ಕೊಡಬಹುದು ಎಂದು ಅಂದಾಜಿಸುವಾಗ ಈ ಅಂಕವನ್ನೂ ನೋಡುತ್ತಾರೆ.

ಬ್ರಿಟನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಚಳಿಗಾಲದ ನಡುವೆಯೇ ಬೇಟೆ ನಿಲ್ಲಿಸುತ್ತದೆ. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆ ಸಚಿವರಿಗೆ ಈ ಅಧಿಕಾರ ಕೊಟ್ಟಿದೆ. ಹಿಮಗಟ್ಟಿದ ಸ್ಥಿತಿ ಎಡೆಬಿಡದೆ ಏಳು ದಿನ ಮುಂದುವರಿದರೆ ಸ್ವಯಂಪ್ರೇರಣೆಯಿಂದ ಸಂಯಮ ತೋರಿ ಎಂದು ಬೇಟೆಗಾರರಿಗೆ ಕರೆ ಹೋಗುತ್ತದೆ. ಎರಡು ವಾರ ತುಂಬಿದರೆ ಕಾಡುಬಾತು, ಹೆಬ್ಬಾತು, ವುಡ್‌ಕಾಕ್‌ನಂಥ ಹಕ್ಕಿಗಳನ್ನು ಹೊಡೆಯುವುದನ್ನು ಆದೇಶದ ಮೂಲಕವೇ ಅಮಾನತಿನಲ್ಲಿಡಲಾಗುತ್ತದೆ. 2010ರ ಚಳಿಯಲ್ಲಿ ಸ್ಕಾಟ್ಲೆಂಡ್‌ನಲ್ಲಿ ಹೀಗಾಯಿತು. ಕಾರಣ ಸರಳ. ನೆಲ ಕಲ್ಲಾದಾಗ ವುಡ್‌ಕಾಕ್ ತನ್ನ ಉದ್ದ ಕೊಕ್ಕನ್ನು ಮಣ್ಣಿಗೆ ಇಳಿಸಲಾರದು. ಅಳಿವೆಯ ಕೆಸರು ಹೆಪ್ಪುಗಟ್ಟಿದರೆ ಜೌಗುಹಕ್ಕಿಗೆ ಹುಳ ಸಿಗದು. ಕೂಡಿಟ್ಟ ಕೊಬ್ಬು ದಿನದಿನಕ್ಕೆ ಕರಗುತ್ತದೆ. ಆಗ ಒಂದು ಗುಂಡಿನ ಸದ್ದಿಗೆ ಬೆದರಿ ಎದ್ದು ಹಾರಿದರೂ ಸಾಕು, ರಾತ್ರಿ ಕಳೆಯಲು ಬೇಕಿದ್ದ ಶಕ್ತಿ ಆ ಹಾರಾಟದಲ್ಲೇ ಖರ್ಚಾಗುತ್ತದೆ. ಗುಂಡು ತಾಗದ ಹಕ್ಕಿಯೂ, ಹೊಡೆಯಲು ಅನುಮತಿಯೇ ಇಲ್ಲದ ಹಕ್ಕಿಯೂ ಹೀಗೆ ಸಾಯುತ್ತದೆ.

ಹದಿನಾಲ್ಕು ದಿನ ಎಂಬುದು ಕಾನೂನಿನ ಗೆರೆ. ಹಕ್ಕಿಯ ಮೈ ಕ್ಯಾಲೆಂಡರ್ ನೋಡುವುದಿಲ್ಲ, ಒಂದು ಅಳಿವೆಯಲ್ಲಿ ಹತ್ತನೇ ದಿನಕ್ಕೇ ಸೋತಿರಬಹುದು. ಆದ್ದರಿಂದ ಕಡಲಂಚಿನ ಬೇಟೆಗಾರ ಆದೇಶ ಬರುವ ಮುನ್ನವೇ ತನ್ನ ಜೌಗಿನಲ್ಲಿ ಒಂದು ಸುತ್ತು ಹಾಕಿ ನೋಡಬೇಕು, ಕೋವಿ ಇಲ್ಲದೆ. ಹಕ್ಕಿಗಳು ಎಂದಿಗಿಂತ ಹತ್ತಿರ ಹೋಗಲು ಬಿಡುತ್ತಿವೆಯೇ, ಎದ್ದರೂ ಸ್ವಲ್ಪ ದೂರದಲ್ಲೇ ಮತ್ತೆ ಇಳಿಯುತ್ತಿವೆಯೇ, ರಾತ್ರಿ ಮೇಯುವ ಜಾತಿಗಳು ನಡುಹಗಲಲ್ಲೂ ಮೇವು ಹುಡುಕುತ್ತಿವೆಯೇ? ಹೌದೆಂದಾದರೆ ಆ ಜೌಗಿನಲ್ಲಿ ಬೇಟೆ ಅಂದಿಗೇ ನಿಲ್ಲಬೇಕು, ಹಿಮ ಕರಗಿ ಹಕ್ಕಿಗಳು ಕೆಲವು ದಿನ ಹೊಟ್ಟೆ ತುಂಬ ಮೇಯುವವರೆಗೂ.